ಕ್ರೀಮಿನ ಹಿಮ್ಮೇಳ

ಎರಡು ಡಬ್ಬಿಗಳು ಮುಂದಿನ ಸಾಲಿನಿಂದ ಹಿಂದಕ್ಕೆ ಬರುತ್ತಿವೆ. ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಹಸಿರು. ಕೆಂಪು ಮುಚ್ಚಳದ್ದನ್ನು ಬಲಗೈ ಮೇಲೆ ಹಚ್ಚಿಕೊಳ್ಳಿ, ಹಸಿರಿನದ್ದನ್ನು ಎಡಗೈ ಮೇಲೆ. ಕಡಲೆಕಾಳಿನಷ್ಟು ಸಾಕು. ಅಲರ್ಜಿ ಇರುವವರು ಸುಮ್ನೆ ಪಕ್ಕದವರಿಗೆ ದಾಟಿಸಿ. ನನ್ನ ಮಾತು ಮುಗಿಯುವವರೆಗೆ ಕೈ ತೊಳೆಯಬೇಡಿ. ಎರಡರಲ್ಲೂ ಶೇ. 5ರಷ್ಟು ನಯಾಸಿನಮೈಡ್ ಇದೆ, ಅಂದರೆ ವಿಟಮಿನ್ ಬಿ3ಯ ಒಂದು ರೂಪ. ನಾನೇ ತೂಗಿ ಹಾಕಿದ್ದು. ಬೇರೆ ಇರುವುದು ಮಿಕ್ಕ ಪದಾರ್ಥಗಳು. ಅವು ಏನು ಅಂತ ಈಗ ಹೇಳುವುದಿಲ್ಲ.

ನಾನು ಹದಿನಾಲ್ಕು ವರ್ಷ ಕ್ರೀಮು, ಲೋಷನ್ ತಯಾರಿಸುವ ಲ್ಯಾಬುಗಳಲ್ಲಿ ಕೆಲಸ ಮಾಡಿದವಳು. ನಮ್ಮ ಊರು ಉಡುಪಿ ಕಡೆ. ಅಲ್ಲಿ ಯಕ್ಷಗಾನದ ಪೋಸ್ಟರಿನಲ್ಲಿ ಕಿರೀಟ ಕಟ್ಟಿದ ವೇಷದ ಫೋಟೋ ದೊಡ್ಡದಾಗಿ ಇರುತ್ತದೆ. ಭಾಗವತರು, ಮದ್ದಳೆ, ಚೆಂಡೆಯವರ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ. ಆದರೆ ಆಟ ನೋಡಿ ಬಂದವರು ಬೆಳಗ್ಗೆ ಮಾತಾಡುವುದು ಪದ್ಯದ ಬಗ್ಗೆ, ಅಲ್ವಾ? ಹಿಮ್ಮೇಳ ಸೊರಗಿದರೆ ಎಂಥ ವೇಷವೂ ಏಳುವುದಿಲ್ಲ. ಕ್ರೀಮಿನ ಡಬ್ಬಿ ನೋಡಿದಾಗೆಲ್ಲ ನನಗೆ ಆ ಪೋಸ್ಟರ್ ನೆನಪಾಗುತ್ತದೆ. ಮುಂದೆ ದಪ್ಪ ಅಕ್ಷರದಲ್ಲಿ ವಿಟಮಿನ್ ಸಿ, ನಯಾಸಿನಮೈಡ್, ರೆಟಿನಾಲ್. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇಪ್ಪತ್ತೈದು ಮೂವತ್ತು ಹೆಸರು. ಇವತ್ತಿನ ಮಾತು ಆ ಇರುವೆ ಸಾಲಿನದ್ದು.

ಸಂಶೋಧನೆ ಮಾಡುವವರು ಈ ಹಿಮ್ಮೇಳವನ್ನು ವೆಹಿಕಲ್ ಅನ್ನುತ್ತಾರೆ. ಅಂದರೆ ಗಾಡಿ. ಮುಖ್ಯ ಪದಾರ್ಥವನ್ನು ಹೊತ್ತು ತರುವ ಗಾಡಿ. ಒಂದು ಪದಾರ್ಥ ನಿಜಕ್ಕೂ ಕೆಲಸ ಮಾಡುತ್ತದಾ ಅಂತ ನೋಡಬೇಕಾದರೆ ಅದಿಲ್ಲದ ಬರೀ ಗಾಡಿಯನ್ನೂ ಜೊತೆಗೆ ಹಚ್ಚಿ ನೋಡಬೇಕು. 2002ರಲ್ಲಿ ಪ್ರಕಟವಾದ ನಯಾಸಿನಮೈಡ್ ಪರೀಕ್ಷೆಯೊಂದು ನಮ್ಮ ಕ್ಷೇತ್ರದಲ್ಲಿ ಹೆಸರುವಾಸಿ. ಮುಖದಲ್ಲಿ ಕಪ್ಪು ಕಲೆ ಇದ್ದ 18 ಮಂದಿಗೆ ಶೇ. 5ರ ನಯಾಸಿನಮೈಡ್ ಕ್ರೀಮನ್ನೂ ಅದೇ ಕ್ರೀಮನ್ನು ನಯಾಸಿನಮೈಡ್ ಇಲ್ಲದೆಯೂ ಕೊಟ್ಟು ಹೋಲಿಸಿದರು. ಕಲೆ ತಿಳಿಯಾಗುವುದರಲ್ಲಿ ನಯಾಸಿನಮೈಡ್ ಗೆದ್ದಿತು, ಸರಿ. ಆದರೆ ಮೊಡವೆ, ಎಕ್ಜಿಮಾದಂಥ ತೊಂದರೆಗಳ ಪರೀಕ್ಷೆ ತೆಗೆದು ನೋಡಿ. ಬರೀ ಗಾಡಿ ಹಚ್ಚಿಕೊಂಡ ಗುಂಪಿನಲ್ಲೂ ಒಂದಷ್ಟು ಜನಕ್ಕೆ ಗುಣ ಕಾಣುತ್ತದೆ. ನೀವು "ಈ ಸೀರಮ್ ನನಗೆ ಆಗಿಬಂತು" ಅನ್ನುವಾಗ ಆಗಿಬಂದದ್ದು ಎಷ್ಟೋ ಸಲ ಅದರೊಳಗಿನ ಗ್ಲಿಸರಿನ್.

ಗ್ಲಿಸರಿನ್ನಿನಿಂದಲೇ ಶುರು ಮಾಡುತ್ತೇನೆ. ನನಗೆ ಅದರ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಒಪ್ಪಿಕೊಳ್ಳುತ್ತೇನೆ.

1779ರಲ್ಲಿ ಸ್ವೀಡನ್ನಿನ ಶೀಲೆ ಎಂಬ ಔಷಧ ತಯಾರಕ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನ ಜೊತೆ ಕಾಯಿಸುವಾಗ ಸಿಹಿಯಾದ ಒಂದು ಪಾಕ ಕಂಡ. ಅದೇ ಗ್ಲಿಸರಿನ್. ಆ ಕಾಲದವರು ಎಲ್ಲವನ್ನೂ ನಾಲಿಗೆಗೆ ಇಟ್ಟು ನೋಡುತ್ತಿದ್ದರು, ಸೀಸದಲ್ಲಿ ಬೇಯಿಸಿದ್ದನ್ನೂ! ಹೆಸರಿನ ಮೂಲವೂ ಸಿಹಿ ಎನ್ನುವ ಗ್ರೀಕ್ ಮಾತೇ. ಸೋಪು ಕಾಯಿಸುವಲ್ಲೆಲ್ಲ ಇದು ಹುಟ್ಟುತ್ತದೆ. ಎಣ್ಣೆಯ ತೂಕದ ಸುಮಾರು ಹತ್ತನೇ ಒಂದು ಪಾಲು ಗ್ಲಿಸರಿನ್ ಆಗುತ್ತದೆ. ದೊಡ್ಡ ಕಾರ್ಖಾನೆಗಳು ಅದನ್ನು ಸೋಪಿನಿಂದ ಬೇರೆ ತೆಗೆದು ಮಾರುತ್ತವೆ. ಸೋಪಿನಿಂದ ತೆಗೆದದ್ದನ್ನು ಕ್ರೀಮಿಗೆ ಹಾಕಿ ಅದೇ ಮನೆಗೆ ಮತ್ತೆ ಮಾರುವ ವ್ಯಾಪಾರ ಇದು. ಇರಲಿ.

ಗ್ಲಿಸರಿನ್ ನೀರನ್ನು ಎಳೆದು ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುವುದನ್ನು ನೋಡಿದ್ದೀರಲ್ಲ, ಆ ಗುಣ. ಆದರೆ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ಚರ್ಮದ ಕೋಶಗಳಲ್ಲಿ ನೀರು ಮತ್ತು ಗ್ಲಿಸರಿನ್ ಎರಡನ್ನೂ ಒಳಗೆ ಬಿಡುವ ಕಿಂಡಿಗಳಿವೆ. ಅಕ್ವಾಪೋರಿನ್-3 ಎಂದು ಹೆಸರು. ಈ ಕಿಂಡಿಯೇ ಇಲ್ಲದ ಇಲಿಗಳನ್ನು ವಿಜ್ಞಾನಿಗಳು ಬೆಳೆಸಿದರು. ಅವುಗಳ ಚರ್ಮ ಒಣಗಿ ಬಿರುಸಾಗಿತ್ತು. 2003ರಲ್ಲಿ ಅವಕ್ಕೆ ಗ್ಲಿಸರಿನ್ ಕೊಟ್ಟು ನೋಡಿದಾಗ ಚರ್ಮ ಸರಿಹೋಯಿತು. ಅಂದರೆ ಗ್ಲಿಸರಿನ್ ಚರ್ಮಕ್ಕೆ ಹೊರಗಿನಿಂದ ಬಂದ ನೆಂಟ ಅಲ್ಲ, ಮನೆಯವನೇ.

ಈಗ ಎದುರು ಪಕ್ಷ, ಹಯಲುರಾನಿಕ್ ಆಸಿಡ್. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನ ಒಳಗಿನ ಲೋಳೆಯಿಂದ ಇದನ್ನು ಬೇರೆ ಮಾಡಿದರು. ಆಮೇಲೆ ಬಹಳ ಕಾಲ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗ ಹೆಚ್ಚಿನದು ಬ್ಯಾಕ್ಟೀರಿಯಾ ಬೆಳೆಸಿ ಹುದುಗು ಹಾಕಿ ತೆಗೆಯುವುದು. ಹಾಗಾಗಿ ಸಸ್ಯಾಹಾರಿಗಳು ಗಾಬರಿ ಆಗಬೇಕಿಲ್ಲ.

"ಒಂದು ಗ್ರಾಂ ಹಯಲುರಾನಿಕ್ ಆರು ಲೀಟರ್ ನೀರು ಹಿಡಿಯುತ್ತದೆ" ಅನ್ನುವ ಮಾತು ಕೇಳಿರುತ್ತೀರಿ. ಅದನ್ನೇ ನಂಬಿ ಒಂದು ಲೆಕ್ಕ ಮಾಡೋಣ. 30 ಎಂಎಲ್ ಸೀರಮ್ಮಿನಲ್ಲಿ ಶೇ. 1 ಇದ್ದರೆ 0.3 ಗ್ರಾಂ ಆಯಿತು. ಆರು ಲೀಟರಿನ ಲೆಕ್ಕದಲ್ಲಿ ಅದು ಸುಮಾರು ಎರಡು ಲೀಟರ್ ನೀರು ಹಿಡಿಯಬೇಕು. ಆದರೆ ಬಾಟಲಿಯಲ್ಲಿ ಇರುವುದೇ 30 ಎಂಎಲ್! ಇರುವ ಆ ನೀರನ್ನು ಅದು ಕಾರ್ಖಾನೆಯಲ್ಲೇ ಕುಡಿದು ಬಂದಿದೆ. ನಿಮ್ಮ ಮುಖದ ಮೇಲೆ ಇನ್ನೆಲ್ಲಿಂದ ತರಬೇಕು? ಬೆಂಗಳೂರಿನ ಜನವರಿ ಗಾಳಿಯಿಂದಲಾ? ಇಲ್ಲಿ ತುಟಿಯೇ ಒಡೆಯುತ್ತದೆ. ಜಾಸ್ತಿ ಹಾಕೋಣ ಅಂದರೆ ಅದೂ ಆಗುವುದಿಲ್ಲ. ಶೇ. 2 ದಾಟಿಸಿದರೆ ಸೀರಮ್ ಹೋಗಿ ಜೆಲ್ಲಿ ಆಗಿಬಿಡುತ್ತದೆ. ಗ್ಲಿಸರಿನ್ನನ್ನು ಮಾತ್ರ ಶೇ. 5, ಶೇ. 7, ಶೇ. 10 ಅಂತ ಧಾರಾಳವಾಗಿ ಹಾಕಬಹುದು.

ಗಾತ್ರದ ವಿಷಯವೂ ಇದೆ. ಅಣುವಿನ ತೂಕ ಅಳೆಯಲು ಡಾಲ್ಟನ್ ಎಂಬ ಅಳತೆ. ಸುಮಾರು 500 ಡಾಲ್ಟನ್ ದಾಟಿದ ಅಣು ಗಟ್ಟಿಮುಟ್ಟಾದ ಚರ್ಮದೊಳಗೆ ಸುಲಭವಾಗಿ ಹೋಗುವುದಿಲ್ಲ ಎನ್ನುವುದು ನಮ್ಮ ಕಡೆಯ ರೂಢಿಯ ಸೂತ್ರ. ಗ್ಲಿಸರಿನ್ 92. ಯೂರಿಯಾ 60. ನಯಾಸಿನಮೈಡ್ 122. ಪ್ಯಾಂಥೆನಾಲ್ 205. ಹಯಲುರಾನಿಕ್? ಮಾಮೂಲಿ ದರ್ಜೆಯದ್ದು ಹತ್ತು ಲಕ್ಷದ ಮೇಲೆ. ಅದು ಚರ್ಮದ ಮೇಲೆಯೇ ತೆಳು ಪದರವಾಗಿ ಕೂರುತ್ತದೆ. ಇದು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಆ ಪದರದಿಂದ ಮುಖ ಹಚ್ಚಿದ ಕೂಡಲೇ ನುಣುಪಾಗಿ ಕಾಣುತ್ತದೆ, ಅಂಟೂ ಇಲ್ಲ. ಚಿಕ್ಕದಾಗಿ ತುಂಡರಿಸಿದ ಹಯಲುರಾನಿಕ್ ಸಿಗುತ್ತದೆ, ಅದು ಸ್ವಲ್ಪ ಒಳಗೆ ಇಳಿಯುತ್ತದೆ. ಆದರೆ ಗ್ಲಿಸರಿನ್ ಮಾಡುವ ಕೆಲಸಕ್ಕೆ ಬದಲಿಯಾಗಿ ಹಯಲುರಾನಿಕ್ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಂದರ ಬೆಲೆ ಕಿಲೋಗೆ ನೂರರ ಲೆಕ್ಕ, ಇನ್ನೊಂದರದ್ದು ಸಾವಿರಗಳ ಲೆಕ್ಕ. ಜಾಹೀರಾತಿಗೆ ಯಾವುದು ಹೋಗುತ್ತದೆ ಅಂತ ನಿಮಗೇ ಗೊತ್ತು.

ಗ್ಲಿಸರಿನ್ನಿನ ದೋಷ ಅಂದರೆ ಅಂಟು. ಕೆಂಪು ಹಸಿರು ಡಬ್ಬಿ ಹಚ್ಚಿದವರಲ್ಲಿ ಒಬ್ಬರು ಆಗಲೇ ಕೈ ಒರೆಸಿಕೊಳ್ಳುತ್ತಿದ್ದಾರೆ, ನೋಡಿದೆ! ಒರೆಸಬೇಡಿ. ಇನ್ನೊಂದು, ಅಂಗಡಿಯಿಂದ ತಂದ ಗ್ಲಿಸರಿನ್ನನ್ನು ಹಾಗೇ ಹಚ್ಚಬಾರದು. ನೀರೇ ಬೆರೆಸದ ಗ್ಲಿಸರಿನ್ ನೀರಿಗಾಗಿ ಎಷ್ಟು ಹಾತೊರೆಯುತ್ತದೆ ಅಂದರೆ ಒಡೆದ ತುಟಿಗೆ ತಾಗಿದರೆ ಚುರುಚುರು ಅನ್ನುತ್ತದೆ. ನಮ್ಮ ಅಮ್ಮಂದಿರು ಗುಲಾಬಿ ನೀರಿಗೆ ನಾಲ್ಕು ಹನಿ ಗ್ಲಿಸರಿನ್ ಹಾಕಿ ಹಚ್ಚುತ್ತಿದ್ದರಲ್ಲ, ಅದು ಸರಿಯಾದ ದಾರಿಯೇ.

ಮೂರನೆಯದು ಯೂರಿಯಾ. ಹೌದು, ಗದ್ದೆಗೆ ಎರಚುವ ಯೂರಿಯಾನೇ. ಅಣು ಅದೇ. ಶುದ್ಧತೆ ಬೇರೆ, ಹಾಗಾಗಿ ದಯವಿಟ್ಟು ಸೊಸೈಟಿಯ ಚೀಲದಿಂದ ತೆಗೆದು ಹಿಮ್ಮಡಿಗೆ ಹಚ್ಚಬೇಡಿ. ಚರ್ಮ ತನ್ನ ಹೊರಪದರದಲ್ಲಿ ನೀರು ಹಿಡಿಯಲು ತಾನೇ ಒಂದು ಮಿಶ್ರಣ ಮಾಡಿಕೊಂಡಿರುತ್ತದೆ. ಅದರಲ್ಲಿ ಸುಮಾರು ಶೇ. 40 ಅಮೈನೋ ಆಮ್ಲಗಳು, ಶೇ. 12ರಷ್ಟು ಲ್ಯಾಕ್ಟೇಟ್, ಶೇ. 7ರಷ್ಟು ಯೂರಿಯಾ. ಕ್ರೀಮಿನಲ್ಲಿ ಶೇ. 10ರವರೆಗೆ ಹಾಕಿದರೆ ನೀರು ಹಿಡಿಯುತ್ತದೆ. ಶೇ. 20 ದಾಟಿದರೆ ಅದರ ವೇಷವೇ ಬೇರೆ. ಗಟ್ಟಿ ಚರ್ಮವನ್ನು ಸಡಿಲಿಸಿ ಬಿಡಿಸುತ್ತದೆ. ಒಡೆದ ಹಿಮ್ಮಡಿಗೆ, ಮೊಣಕೈಯ ಒರಟಿಗೆ ಇದರಷ್ಟು ಒಳ್ಳೆಯದು ಕಡಿಮೆ. ಮಕ್ಕಳ ಕೆರೆದ ಚರ್ಮಕ್ಕೆ ಹಚ್ಚಿದರೆ ಉರಿಯುತ್ತದೆ.

ಹಾಗಾದರೆ ಎಲ್ಲ ಕ್ರೀಮಿಗೂ ಯಾಕೆ ಹಾಕುವುದಿಲ್ಲ? ಅದಕ್ಕೆ ನನ್ನದೇ ಒಂದು ಕಥೆ ಇದೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಕಾಲಿನ ಕ್ರೀಮು ಮಾಡಿದ್ದೆ. ಲ್ಯಾಬಿನ ಎಸಿಯಲ್ಲಿ ಮೂರು ತಿಂಗಳು ಚೆನ್ನಾಗಿತ್ತು. ನನಗೆ ಖುಷಿ. ಏಪ್ರಿಲ್‌ನಲ್ಲಿ ಸರಕು ಕಲಬುರಗಿ ಕಡೆಯ ತಗಡಿನ ಗೋಡೌನಿಗೆ ಹೋಯಿತು. ಜೂನ್ ಹೊತ್ತಿಗೆ ಡಬ್ಬಿಗಳು ವಾಪಸ್ ಬರತೊಡಗಿದವು. ಮುಚ್ಚಳ ತೆಗೆದರೆ ದನದ ಕೊಟ್ಟಿಗೆಯ ವಾಸನೆ! ಶಾಖಕ್ಕೆ ಯೂರಿಯಾ ಒಡೆದು ಅಮೋನಿಯಾ ಬಿಟ್ಟಿತ್ತು. ಪಿಎಚ್, ಅಂದರೆ ಹುಳಿ ಎಷ್ಟು ಕ್ಷಾರ ಎಷ್ಟು ಎನ್ನುವ ಅಳತೆ, ಮೇಲೆ ಹೋಗಿ ಕ್ರೀಮು ನೀರಾಗಿತ್ತು. ತಪ್ಪು ಯೂರಿಯಾದ್ದಲ್ಲ, ನನ್ನದು. ಪಿಎಚ್ ಹಿಡಿದು ನಿಲ್ಲಿಸಲು ಲ್ಯಾಕ್ಟಿಕ್ ಆಮ್ಲ ಮತ್ತು ಲ್ಯಾಕ್ಟೇಟ್ ಜೋಡಿ ಹಾಕಬೇಕಿತ್ತು, ಬಿಸಿಯಲ್ಲಿ ಇಟ್ಟು ನೋಡಬೇಕಿತ್ತು. ಅವತ್ತಿನಿಂದ ನಾನು ಯಾವ ಲೇಬಲ್ ಓದಿದರೂ ಮೊದಲು ಕಣ್ಣು ಹೋಗುವುದು ಹಿಮ್ಮೇಳದ ಹಿಮ್ಮೇಳಕ್ಕೆ. ಅಂದರೆ ಸೋಡಿಯಂ ಲ್ಯಾಕ್ಟೇಟ್, ಸಿಟ್ರಿಕ್ ಆಸಿಡ್, ಡೈಸೋಡಿಯಂ ಇಡಿಟಿಎ. ಇವರ ಫೋಟೋ ಯಾವ ಪೋಸ್ಟರಿನಲ್ಲೂ ಬರುವುದಿಲ್ಲ.

ನೀರು ಎಳೆಯುವವರ ಕಥೆ ಆಯಿತು. ಎಳೆದ ನೀರು ಆರಿ ಹೋಗದಂತೆ ಮುಚ್ಚಳ ಹಾಕುವವರು ಬೇಕು. ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಈ ಕೆಲಸದಲ್ಲಿ ಪೆಟ್ರೋಲೇಟಂ ಅನ್ನು ಹಿಂದೆ ಹಾಕಿದವರು ಇಲ್ಲ. ಪೆನ್ಸಿಲ್ವೇನಿಯಾದ ಎಣ್ಣೆಬಾವಿಗಳಲ್ಲಿ ಕೊಳವೆಗೆ ಮೆತ್ತಿಕೊಳ್ಳುತ್ತಿದ್ದ ಮೇಣದಂಥ ಕೊಳೆಯನ್ನು ಕೆಲಸಗಾರರು ಸುಟ್ಟ ಗಾಯಕ್ಕೆ, ಕೊಯ್ದ ಗಾಯಕ್ಕೆ ಹಚ್ಚುತ್ತಿದ್ದರು. ರಾಬರ್ಟ್ ಚೀಸ್‌ಬ್ರೋ ಅದನ್ನು ಶುದ್ಧ ಮಾಡಿ 1872ರಲ್ಲಿ ಪೇಟೆಂಟ್ ಪಡೆದು ವ್ಯಾಸಲೀನ್ ಎಂದು ಮಾರಿದ. ನೂರೈವತ್ತು ವರ್ಷ ಆಯಿತು, ಇವತ್ತಿಗೂ ಲ್ಯಾಬಿನಲ್ಲಿ ನೀರು ಆರುವುದನ್ನು ಅಳೆಯುವಾಗ ನಾವು ಹೊಸ ಪದಾರ್ಥಗಳನ್ನು ಹೋಲಿಸುವುದು ಅದರ ಜೊತೆಗೇ.

ತೆಂಗಿನೆಣ್ಣೆ? ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ನಾನೂ ತೆಂಗಿನೆಣ್ಣೆಯಲ್ಲೇ ಬೆಳೆದವಳು. 2004ರಲ್ಲಿ ಫಿಲಿಪ್ಪೀನ್ಸಿನಲ್ಲಿ ಒಣ ಚರ್ಮದ 34 ಮಂದಿಗೆ ಎರಡು ವಾರ ಹಚ್ಚಿ ನೋಡಿದ್ದಾರೆ. ಕೆಲವರಿಗೆ ತೆಂಗಿನೆಣ್ಣೆ, ಕೆಲವರಿಗೆ ಪೆಟ್ರೋಲಿಯಂನಿಂದ ತೆಗೆದ ಮಿನರಲ್ ಆಯಿಲ್. ಎರಡೂ ಸರಿಸಮ ನಿಂತವು. ಹಾಗಾಗಿ ಕೈಕಾಲಿಗೆ ಧಾರಾಳವಾಗಿ ಹಚ್ಚಿ. ಮೊಡವೆ ಏಳುವ ಮುಖಕ್ಕೆ ಮಾತ್ರ ಬೇಡ.

ಎಲ್ಲ ಎಣ್ಣೆಯೂ ಒಂದೇ ಅಲ್ಲ, ಇದು ಮುಖ್ಯ. 2013ರಲ್ಲಿ ಇಂಗ್ಲೆಂಡಿನಲ್ಲಿ ಆಲಿವ್ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆಯನ್ನು ದೊಡ್ಡವರ ಕೈಗೆ ಹಚ್ಚಿ ಹೋಲಿಸಿದರು. ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನೇ ಸಡಿಲ ಮಾಡಿತು. ಸೂರ್ಯಕಾಂತಿ ಮಾಡಲಿಲ್ಲ. ಕಾರಣ ಒಳಗಿನ ಕೊಬ್ಬಿನಾಮ್ಲ. ಆಲಿವ್‌ನಲ್ಲಿ ಓಲಿಯಿಕ್ ಜಾಸ್ತಿ, ಅದು ಗೋಡೆಯ ಗಾರೆಯನ್ನು ಕದಡುತ್ತದೆ. ಸೂರ್ಯಕಾಂತಿಯಲ್ಲಿ ಲಿನೋಲಿಯಿಕ್ ಜಾಸ್ತಿ, ಅದು ಚರ್ಮಕ್ಕೆ ಬೇಕಾದದ್ದು. ಬಾಂಗ್ಲಾದೇಶದ ಆಸ್ಪತ್ರೆಯೊಂದರಲ್ಲಿ ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಸೋಂಕು ಕಡಿಮೆಯಾಯಿತು ಎಂದು 2005ರಲ್ಲಿ ವರದಿ ಬಂತು. ನಮ್ಮಲ್ಲಿ ದುಬಾರಿ ಆಲಿವ್ ಎಣ್ಣೆ ತರಿಸಿ ಕೂಸಿಗೆ ಎಣ್ಣೆ ನೀರು ಹಾಕುವವರನ್ನು ಕಂಡಾಗ ನನಗೆ ಸಂಕಟ ಆಗುತ್ತದೆ. ಒಗ್ಗರಣೆಯ ಡಬ್ಬಿ ಪಕ್ಕದಲ್ಲೇ ಅಗ್ಗದ್ದು ಇರುತ್ತದೆ.

ಗಾರೆ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಚರ್ಮದ ಹೊರಪದರ ಇಟ್ಟಿಗೆ ಗೋಡೆಯ ಥರ. ಸತ್ತ ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಕ್ಯಾಲಿಫೋರ್ನಿಯಾದ ಪೀಟರ್ ಎಲಿಯಾಸ್ ಈ ಹೋಲಿಕೆಯನ್ನು ಜನಪ್ರಿಯ ಮಾಡಿದವರು. ಗಾರೆಯ ತೂಕದಲ್ಲಿ ಅರ್ಧದಷ್ಟು ಸೆರಮೈಡ್ ಎಂಬ ಕೊಬ್ಬು, ಕಾಲು ಪಾಲು ಕೊಲೆಸ್ಟರಾಲ್, ಮಿಕ್ಕಿದ್ದರಲ್ಲಿ ಹೆಚ್ಚಿನದು ಕೊಬ್ಬಿನಾಮ್ಲ. 1990ರ ದಶಕದಲ್ಲಿ ಎಲಿಯಾಸ್ ಮತ್ತು ಸಂಗಡಿಗರು ಇಲಿಯ ಚರ್ಮದ ಗಾರೆಯನ್ನು ಅಸಿಟೋನಿನಿಂದ ಒರೆಸಿ ತೆಗೆದು, ಈ ಮೂರನ್ನು ಬೇರೆಬೇರೆಯಾಗಿ ಹಚ್ಚಿ ನೋಡಿದರು. ನನಗೆ ಬಹಳ ಇಷ್ಟದ ಪ್ರಯೋಗ ಇದು. ಒಂದನ್ನೇ ಹಚ್ಚಿದರೆ ಗೋಡೆ ಬೇಗ ರಿಪೇರಿ ಆಗಲಿಲ್ಲ. ಏನೂ ಹಚ್ಚದೆ ಬಿಟ್ಟದ್ದಕ್ಕಿಂತಲೂ ನಿಧಾನ ಆಯಿತು! ಮೂರನ್ನೂ ಸಮನಾಗಿ ಹಾಕಿದರೆ ಮಾಮೂಲಿ ವೇಗ. ಒಂದನ್ನು ಮೂರು ಪಾಲು ಮಾಡಿ ಮಿಕ್ಕೆರಡನ್ನು ಒಂದೊಂದು ಪಾಲು ಹಾಕಿದರೆ ಇನ್ನೂ ಬೇಗ.

ಹಾಗಾಗಿ "ಸೆರಮೈಡ್ ಇದೆ" ಅನ್ನುವ ಡಬ್ಬಿ ಸಿಕ್ಕರೆ ತಿರುಗಿಸಿ ಹಿಂದೆ ನೋಡಿ. ಕೊಲೆಸ್ಟರಾಲ್ ಇದೆಯಾ? ಯಾವುದಾದರೂ ಕೊಬ್ಬಿನಾಮ್ಲ ಇದೆಯಾ? ಇವು ಎಲ್ಲಿ ಕೂತಿವೆ?

ಎಲ್ಲಿ ಕೂತಿವೆ ಅನ್ನುವುದನ್ನು ಓದುವುದು ಹೇಗೆ ಅಂದರೆ, ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಶೇ. 1ಕ್ಕಿಂತ ಜಾಸ್ತಿ ಇರುವ ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲಿ ಬರೆಯಬೇಕು. ಶೇ. 1 ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಹೇಗೆ ಬೇಕಾದರೂ ಬರೆಯಬಹುದು. ಈ ಗೆರೆ ಎಲ್ಲಿದೆ ಅಂತ ಲೇಬಲ್ ಹೇಳುವುದಿಲ್ಲ. ನಾನು ಫಿನಾಕ್ಸಿಎಥನಾಲ್ ಹುಡುಕುತ್ತೇನೆ. ಅದು ಕೆಡದಂತೆ ಕಾಯುವ ಪದಾರ್ಥ, ಯುರೋಪಿನ ನಿಯಮದಲ್ಲಿ ಶೇ. 1 ಮೀರುವಂತಿಲ್ಲ, ಇಲ್ಲಿಯೂ ಅದಕ್ಕಿಂತ ಜಾಸ್ತಿ ಹಾಕುವವರನ್ನು ನಾನು ಕಂಡಿಲ್ಲ. ಅದರ ನಂತರ ಬರುವ ಹೆಸರುಗಳು ಶೇ. 1ರ ಒಳಗಿನವು ಅಂತ ಹೆಚ್ಚುಕಡಿಮೆ ನಂಬಬಹುದು. ಶೇ. 1ರ ಒಳಗೆ ಅಂದರೆ ಶೇ. 0.9 ಇರಬಹುದು, ಶೇ. 0.001ವೂ ಇರಬಹುದು. ಹಾಗಂತ ಬಾಲದಲ್ಲಿ ಇದ್ದದ್ದೆಲ್ಲ ಸುಳ್ಳು ಅಂತಲ್ಲ. ಸೆರಮೈಡು ಕಡಿಮೆ ಹಾಕಿದರೂ ಕೆಲಸ ಮಾಡುವಂಥದ್ದು. ಆದರೆ ಗ್ಲಿಸರಿನ್ ಬಾಲದಲ್ಲಿ ಇದ್ದರೆ ಅದು ಅಲ್ಲಿ ಏನೂ ಮಾಡುತ್ತಿಲ್ಲ.

ಇನ್ನು ವಿಟಮಿನ್ ಸಿ. ಹಿಮ್ಮೇಳದ ಬೆಲೆ ಗೊತ್ತಾಗುವುದೇ ಇಲ್ಲಿ. ಶುದ್ಧ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಬಹಳ ಮುನಿಸಿನ ಕಲಾವಿದ. ಗಾಳಿ ಆಗದು, ಬೆಳಕು ಆಗದು, ಬಿಸಿ ಆಗದು. ಹೆಚ್ಚಿಟ್ಟ ಬದನೆಕಾಯಿ ಕಪ್ಪಾದ ಹಾಗೆ ಸೀರಮ್ ಹಳದಿಯಾಗಿ ಆಮೇಲೆ ಕಂದು ಆಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶೆಲ್ಡನ್ ಪಿನ್ನೆಲ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ್ದು ಇದು: ಚರ್ಮದೊಳಗೆ ಇಳಿಯಬೇಕಾದರೆ ಪಿಎಚ್ 3.5ಕ್ಕಿಂತ ಕೆಳಗಿರಬೇಕು, ಶೇ. 20 ದಾಟಿದರೆ ಲಾಭ ಇಲ್ಲ. ಮುಂದೆ 2005ರಲ್ಲಿ ಅದೇ ಗುಂಪು ಶೇ. 15 ವಿಟಮಿನ್ ಸಿ, ಶೇ. 1 ವಿಟಮಿನ್ ಇ ಇದ್ದ ದ್ರಾವಣಕ್ಕೆ ಕೇವಲ ಶೇ. 0.5 ಫೆರುಲಿಕ್ ಆಮ್ಲ ಸೇರಿಸಿತು. ಹಂದಿಯ ಚರ್ಮದ ಮೇಲೆ ಬಿಸಿಲಿನಂಥ ಬೆಳಕು ಬಿಟ್ಟು ನೋಡಿದಾಗ ರಕ್ಷಣೆ ಸುಮಾರು ನಾಲ್ಕು ಪಟ್ಟಿನಿಂದ ಎಂಟು ಪಟ್ಟಿಗೆ ಏರಿತು. ವಿಟಮಿನ್‌ಗಳೂ ಬೇಗ ಕೆಡಲಿಲ್ಲ. ಅರ್ಧ ಪರ್ಸೆಂಟ್! ವೇಷಧಾರಿಗಿಂತ ಮೂವತ್ತು ಪಾಲು ಕಡಿಮೆ ಇದ್ದವನು ಆಟವನ್ನೇ ಎತ್ತಿಬಿಟ್ಟ.

ಈ ಮೂವರ ನಡುವೆ ಒಳ್ಳೆಯ ಹೊಂದಾಣಿಕೆ ಇದೆ. ವಿಟಮಿನ್ ಇ ಕೊಬ್ಬಿನ ಭಾಗದಲ್ಲಿ ಕೂತು ಬಿಸಿಲಿನ ಏಟು ತಿನ್ನುತ್ತದೆ. ಏಟು ತಿಂದ ಇಯನ್ನು ಸಿ ಎಬ್ಬಿಸಿ ನಿಲ್ಲಿಸುತ್ತದೆ. ಫೆರುಲಿಕ್ ಇಬ್ಬರ ಮೇಲೂ ಬೀಳುವ ಏಟನ್ನು ಹಂಚಿಕೊಳ್ಳುತ್ತದೆ.

ಒಂದು ಅಡ್ಡ ಮಾತು. ಫೆರುಲಿಕ್ ಎಂಬ ಹೆಸರು ಎಲ್ಲಿಂದ ಬಂತು ಗೊತ್ತಾ? ಫೆರುಲಾ ಎನ್ನುವ ಗಿಡದ ಜಾತಿಯಿಂದ. ಆ ಗಿಡದ ಬೇರಿನ ಅಂಟೇ ನಮ್ಮ ಇಂಗು. 1866ರಲ್ಲಿ ಮೊದಲು ಈ ಆಮ್ಲವನ್ನು ತೆಗೆದದ್ದು ಇಂಗಿನಿಂದಲೇ. ಅಕ್ಕಿಯ ತೌಡಿನಲ್ಲೂ ಬೇಕಾದಷ್ಟಿದೆ. ಇದನ್ನು ಕೇಳಿ ನಮ್ಮ ಅಕ್ಕ "ಹಾಗಾದರೆ ಇಂಗಿನ ನೀರು ಮುಖಕ್ಕೆ ಹಚ್ಚಲಾ?" ಅಂದಳು. ಬೇಡ ಮಾರಾಯ್ತಿ, ಸಾರಿಗೆ ಹಾಕು ಅಂದೆ.

ಈಗ ಹೋಲಿಕೆಯ ವಿಷಯ. ಫೆರುಲಿಕ್ ಬೇಕಾಗುವುದು ಶುದ್ಧ ಆಸ್ಕಾರ್ಬಿಕ್ ಆಮ್ಲದ ಜೊತೆಗೆ. ಮಾರುಕಟ್ಟೆಯಲ್ಲಿ ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್‌ನಂಥ ಸೌಮ್ಯ ರೂಪಗಳೂ ಇವೆ. ಅವು ಅಷ್ಟು ಬೇಗ ಕೆಡುವುದಿಲ್ಲ, ಅವಕ್ಕೆ ಹುಳಿ ಪಿಎಚ್ ಬೇಕಿಲ್ಲ. ಅಂಥ ಸೀರಮ್ಮಿನ ಬಾಲದಲ್ಲಿ ಫೆರುಲಿಕ್ ಕಂಡರೆ ಅದು ಹೆಚ್ಚಾಗಿ ಅಲಂಕಾರ. ಅದೇ ಪದಾರ್ಥ, ಒಂದು ಬಾಟಲಿಯಲ್ಲಿ ಪ್ರಾಣ, ಇನ್ನೊಂದರಲ್ಲಿ ಒಡವೆ. ಅದಕ್ಕೇ "ಫೆರುಲಿಕ್ ಒಳ್ಳೆಯದಾ?" ಅಂತ ಯಾರಾದರೂ ಕೇಳಿದರೆ ನಾನು "ಯಾರ ಜೊತೆ?" ಅಂತ ತಿರುಗಿ ಕೇಳುತ್ತೇನೆ.

ಸಮಾಧಾನ ಮಾಡುವ ಪದಾರ್ಥಗಳು ಇನ್ನೊಂದು ಗುಂಪು. ಕೊರಿಯಾದ ಕ್ರೀಮುಗಳ ಜೊತೆ ಬಂದ "ಸಿಕಾ" ಅನ್ನುವ ಮಾತು ನಿಮ್ಮ ಮಕ್ಕಳ ಬಾಯಲ್ಲಿ ಕೇಳಿರುತ್ತೀರಿ. ಸಿಕಾ ಅಂದರೆ ಸೆಂಟೆಲ್ಲಾ ಏಷ್ಯಾಟಿಕಾ. ಅಂದರೆ ಒಂದೆಲಗ. ತುಳುವಿನಲ್ಲಿ ತಿಮರೆ. ಬಾವಿಕಟ್ಟೆಯ ಪಕ್ಕ ತಾನಾಗಿ ಹಬ್ಬುತ್ತಿತ್ತು, ಅಜ್ಜಿ ಕಿತ್ತು ತಂದು ತಂಬುಳಿ ಮಾಡುತ್ತಿದ್ದರು. ಮೊದಲ ಸಲ ಲ್ಯಾಬಿಗೆ ಅದರ ಸ್ಯಾಂಪಲ್ ಪುಡಿ ಬಂದಾಗ ಬೆಲೆ ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಗಿಡದಲ್ಲಿ ಕೆಲಸದ ಅಣುಗಳು ಮುಖ್ಯವಾಗಿ ನಾಲ್ಕು. ಅವುಗಳಲ್ಲಿ ಮೆಡಕಾಸೋಸೈಡ್ ಹೆಸರುವಾಸಿ. ಲೇಬಲ್ಲಿನಲ್ಲಿ ಮೆಡಕಾಸೋಸೈಡ್ ಎಂದೇ ಬರೆದಿದ್ದರೆ ನಿರ್ದಿಷ್ಟವಾದ ಒಂದು ಅಣು ಇದೆ ಅಂತ ಅರ್ಥ. "ಸೆಂಟೆಲ್ಲಾ ಎಕ್ಸ್‌ಟ್ರ್ಯಾಕ್ಟ್" ಅಂತ ಬರೆದಿದ್ದರೆ ಏನೂ ಗೊತ್ತಾಗುವುದಿಲ್ಲ. ಅಜ್ಜಿಯ ತಂಬುಳಿಯೂ ಎಕ್ಸ್‌ಟ್ರ್ಯಾಕ್ಟೇ, ಆ ತಂಬುಳಿಯ ಪಾತ್ರೆ ತೊಳೆದ ನೀರೂ ಎಕ್ಸ್‌ಟ್ರ್ಯಾಕ್ಟೇ. ಇದರ ಎದುರು ಪ್ಯಾಂಥೆನಾಲ್ ಇಟ್ಟು ನೋಡಿ. ಚರ್ಮದೊಳಗೆ ಹೋಗಿ ವಿಟಮಿನ್ ಬಿ5 ಆಗುತ್ತದೆ. ಅಣು ಚಿಕ್ಕದು. ಶೇ. 1ರಿಂದ 5 ಹಾಕುತ್ತಾರೆ. ನೀರೂ ಹಿಡಿಯುತ್ತದೆ, ಉರಿಯೂ ಇಳಿಸುತ್ತದೆ. ಪಟ್ಟಿಯ ಮೊದಲರ್ಧದಲ್ಲಿ ಪ್ಯಾಂಥೆನಾಲ್ ಇರುವ ಕ್ರೀಮು ಮತ್ತು ಬಾಲದಲ್ಲಿ ಸಿಕಾ ಎಕ್ಸ್‌ಟ್ರ್ಯಾಕ್ಟ್ ಇರುವ ಕ್ರೀಮು ಒಂದೇ ಬೆಲೆಗೆ ಸಿಕ್ಕರೆ ನಾನು ಮೊದಲನೆಯದನ್ನು ತರುತ್ತೇನೆ. ತಿಮರೆಯ ಮೇಲೆ ಎಷ್ಟೇ ಅಭಿಮಾನ ಇದ್ದರೂ.

ಸುವಾಸನೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಮೂಗಿಗೆ, ಚರ್ಮಕ್ಕಲ್ಲ. ಚರ್ಮ ಕೆರಳುವವರು ಸುವಾಸನೆ ಇಲ್ಲದ್ದನ್ನು ಹುಡುಕಿ. ದಪ್ಪ ಮಾಡುವ ಗೋಂದು, ಮೇಣಗಳನ್ನೂ ಬಿಡುತ್ತೇನೆ. ಒಂದೇ ಮಾತು: ಸೀಟೈಲ್ ಆಲ್ಕೋಹಾಲ್ ಅಂತ ಕಂಡರೆ ಹೆದರಬೇಡಿ, ಅದು ಮೇಣದಂಥ ಮೆತ್ತನೆ ಪದಾರ್ಥ. ಆಲ್ಕೋಹಾಲ್ ಡಿನಾಟ್ ಅನ್ನುವುದು ಸ್ಪಿರಿಟ್ಟು. ಅದು ಪಟ್ಟಿಯ ಮೊದಲಲ್ಲೇ ಇದ್ದರೆ ಒಣ ಚರ್ಮದವರು ಯೋಚನೆ ಮಾಡಬೇಕು.

ಪ್ಯಾರಾಬೆನ್ ಇರುವ ಕ್ರೀಮು ಹಚ್ಚಬಹುದಾ ಅಂತ ಚೀಟಿ ಬಂದಿದೆ, ಅದಕ್ಕೆ ಉತ್ತರ ಕೊಡಲೇಬೇಕು. ನೀರಿರುವ ಯಾವ ಕ್ರೀಮಿಗೂ ಕೆಡದಂತೆ ಕಾಯುವವರು ಬೇಕು, ಪ್ಯಾರಾಬೆನ್ ಅಂಥದ್ದೊಂದು. ನೀರು, ಎಣ್ಣೆ, ಗಿಡದ ಸಾರ ಎಲ್ಲ ಇರುವ ಡಬ್ಬಿ ಬೂಷ್ಟಿಗೆ ಹಬ್ಬದೂಟ. ಮನೆಯ ಲೋಳೆಸರದ ತಿರುಳನ್ನು ತೆಗೆದು ಫ್ರಿಜ್ಜಿನಲ್ಲಿ ಇಟ್ಟವರಿಗೆ ಇದು ಗೊತ್ತು. 2004ರ ಹೊತ್ತಿಗೆ ಪ್ಯಾರಾಬೆನ್ ಮೇಲೆ ಭಯ ಹುಟ್ಟಿತು. ಸ್ತನದ ಗಡ್ಡೆಗಳಲ್ಲಿ ಅದರ ಅಂಶ ಕಂಡಿತು ಅಂತ ಒಂದು ಸಂಶೋಧನೆ ಬಂತು. ಕ್ಯಾನ್ಸರ್ ಅದರಿಂದ ಬಂತು ಅಂತ ಅದು ತೋರಿಸಿರಲಿಲ್ಲ. ಆದರೂ ಎಷ್ಟೋ ಕಂಪನಿಗಳು ಪ್ಯಾರಾಬೆನ್ ಬಿಟ್ಟು ಮೀಥೈಲ್ ಐಸೋಥಯಜೋಲಿನೋನ್ ಎಂಬ ಇನ್ನೊಂದರ ಕಡೆ ಓಡಿದವು. ಏನಾಯಿತು? ಜನರ ಮೈಮೇಲೆ ಅಲರ್ಜಿ ಎದ್ದಿತು. ಎಷ್ಟು ಅಂದರೆ ಅಮೆರಿಕದ ಚರ್ಮದ ಅಲರ್ಜಿ ತಜ್ಞರ ಸಂಘ 2013ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಎಂದು ಸಾರಿತು. ಯುರೋಪು ಅದನ್ನು ಹಚ್ಚಿ ಬಿಡುವ ಕ್ರೀಮುಗಳಲ್ಲಿ ನಿಷೇಧಿಸಿತು. ಅದೇ ಸಂಘ 2019ರಲ್ಲಿ ಪ್ಯಾರಾಬೆನ್‌ಗೆ ಕೊಟ್ಟ ಬಿರುದು ಏನು ಗೊತ್ತಾ? ವರ್ಷದ "ಅಲರ್ಜಿಕಾರಕ ಅಲ್ಲದ್ದು". ಯುರೋಪು ಕೆಲವು ಬಗೆಯ ಪ್ಯಾರಾಬೆನ್‌ಗಳನ್ನು ನಿಲ್ಲಿಸಿದೆ, ಮಿಕ್ಕವಕ್ಕೆ ಮಿತಿ ಇಟ್ಟಿದೆ. ಆ ಮಿತಿಯೊಳಗಿನ ಪ್ಯಾರಾಬೆನ್ ಇರುವ ಕ್ರೀಮನ್ನು ನಾನು ಮನೆಯಲ್ಲಿ ಬಳಸುತ್ತೇನೆ.

ಸರಿ, ಈಗ ಕೈ ನೋಡಿಕೊಳ್ಳಿ. ಮುಕ್ಕಾಲು ಗಂಟೆ ದಾಟಿದೆ. ಮೇಲೆ ಫ್ಯಾನು ಬೇರೆ ಜೋರಾಗಿ ತಿರುಗುತ್ತಿದೆ. ಬಲಗೈ ಮೆತ್ತಗಿದೆ ಅನ್ನುವವರು ಕೈ ಎತ್ತಿ. ಬಹಳ ಜನ ಇದ್ದೀರಿ. ಕೈ ಒರೆಸಿಕೊಳ್ಳುತ್ತಿದ್ದ ಅಮ್ಮನೂ ಎತ್ತಿದ್ದಾರೆ! ಕೆಂಪು ಮುಚ್ಚಳದ್ದರಲ್ಲಿ ಶೇ. 7 ಗ್ಲಿಸರಿನ್, ಶೇ. 5 ಪೆಟ್ರೋಲೇಟಂ, ಶೇ. 1 ಪ್ಯಾಂಥೆನಾಲ್ ಹಾಕಿದ್ದೆ. ಹಸಿರಿನದ್ದರಲ್ಲಿ ಶೇ. 0.1 ಹಯಲುರಾನಿಕ್, ಚಿಟಿಕೆ ಸೆರಮೈಡ್, ತಿಮರೆಯ ಸಾರ, ಜಾರುವ ಹಾಗೆ ಸ್ವಲ್ಪ ಸಿಲಿಕೋನ್. ಗ್ಲಿಸರಿನ್ ಇಲ್ಲವೇ ಇಲ್ಲ. ಅಂಗಡಿಯಲ್ಲಿ ಇಟ್ಟರೆ ಹಸಿರಿನದ್ದಕ್ಕೇ ಬೆಲೆ ಜಾಸ್ತಿ.

ಎಡಗೈಯೇ ಚೆನ್ನಾಗಿದೆ ಅನ್ನುವವರು? ಏಳೆಂಟು ಮಂದಿ. ಅಲ್ಲಿ ಕಂಬದ ಪಕ್ಕ ಕೂತಿರುವ ಹುಡುಗ, ನಿಮ್ಮದು ಯಾವ ಊರು? ಕುಂದಾಪುರವಾ? ಮುಖದಲ್ಲಿ ಎಣ್ಣೆ ಪಸೆ ಜಾಸ್ತಿ ಇರುತ್ತದಾ? ಊರಿಗೆ ಹೋದರೆ ಹತ್ತು ಗಂಟೆಗೆ ಬೆವರು ಸುರಿಯುತ್ತದೆ, ಅಲ್ವಾ? ಹಾಗಾದರೆ ನಿಮಗೆ ಹಸಿರೇ ಸರಿ. ಪೆಟ್ರೋಲೇಟಂ ಇರುವ ಕೆಂಪು ಡಬ್ಬಿ ಅಲ್ಲಿ ನಿಮಗೆ ಹಿಂಸೆ. ಆ ಡಬ್ಬಿ ನಿಮ್ಮ ಹತ್ತಿರವೇ ಇರಲಿ, ನನಗೆ ವಾಪಸ್ ಬೇಡ. ಕೆಂಪಿನದ್ದು ಮಾತ್ರ ಮುಂದಕ್ಕೆ ಕಳಿಸಿ, ನನ್ನ ಹಿಮ್ಮಡಿಗೆ ಬೇಕು.